ಕುಂಟೆತ್ತು ಬಂದ ಆಷಾಢ

ಮುಂಬಯಿಯ ಗೋರೆಗಾಂವಿನ ಎಮ್ಮೆ ತಬೇಲಾಗಳ ಸೆಗಣಿಯ ವಾಸನೆ ಲೋಕಲ್ ಟ್ರೈನಿನ ಡಬ್ಬಿಯೊಳಗೂ ಬರುತ್ತಿದ್ದ ಕಾಲ ಅದು. ಕಿಟಕಿಗೆ ತಲೆಯಾನಿಸಿ ತೂಕಡಿಸುತ್ತಿದ್ದವರು ಮೂಗಿನಿಂದಲೇ ತಮ್ಮ ಸ್ಟೇಷನ್ ಬಂತೆಂದು ತಿಳಿದು ಎದ್ದು ನಿಲ್ಲುತ್ತಿದ್ದರು. ಎಮ್ಮೆಗಳು ರಸ್ತೆಗಿಳಿದರೆ ಬಸ್ಸೇ ನಿಂತು ದಾರಿ ಬಿಡಬೇಕಿತ್ತು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಆ ಗೋರೆಗಾಂವನ್ನು ಕಂಡವರು ಈಗ ನನ್ನಂಥ ಮುದುಕಿಯ ಹಾಗೆಯೇ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿರಬೇಕು. ಅವರಿಗೆ ನಾನು ಹೊಸದೇನೂ ಹೇಳುತ್ತಿಲ್ಲ, ನೆನಪು ಮಾಡಿಕೊಡುತ್ತಿದ್ದೇನೆ ಅಷ್ಟೇ.

ನಮ್ಮದು ನೆಲಕ್ಕಂಟಿದಂತೆ ಸಾಲಾಗಿ ಖೋಲಿಗಳಿದ್ದ ಚಾಳು. ಅದರ ಹಿಂದೆ ಒಂದು ತಗಡಿನ ಶೆಡ್ಡು, ಶೆಡ್ಡಿನೊಳಗೆ ಬೂದಿ ಬಣ್ಣದ ಒಂದು ದೊಡ್ಡ ಗಾಡಿ. ಪೇಟೆಯ ಕಡೆಯ ಪಶು ಆಸ್ಪತ್ರೆಯೊಂದು ಉಪನಗರಗಳಿಗೆಂದು ಇಟ್ಟಿದ್ದ ಜಾನುವಾರುಗಳ ಆಂಬ್ಯುಲೆನ್ಸ್ ಅದು. ಅಪ್ಪ ಅದರ ಡ್ರೈವರ್. ಜೊತೆಗೆ ಪಾಂಡುಕಾಕಾ, ರತ್ನಾಗಿರಿ ಕಡೆಯ ಮರಾಠಿಯವನು, ಡ್ರೆಸ್ಸರ್. ಗಾಯ ತೊಳೆಯುವುದು, ಪಟ್ಟಿ ಕಟ್ಟುವುದು, ಡಾಕ್ಟರ ಕೈಗೆ ಸಿಗುವ ತನಕ ಜೀವ ಹಿಡಿದಿಡುವುದು ಅವನ ಕೆಲಸ. ಬಾಂದ್ರಾದಿಂದ ಬೊರಿವಲಿಯವರೆಗೆ ಎಲ್ಲಿ ಏನು ಬಿದ್ದರೂ ಶೆಡ್ಡಿನ ಗೋಡೆಯ ಕರಿ ಫೋನು ಬಡಿದುಕೊಳ್ಳುತ್ತಿತ್ತು. ಜುಹೂ ದಂಡೆಯಲ್ಲಿ ಮುಗ್ಗರಿಸಿದ ಕುದುರೆ, ತಬೇಲಾದಲ್ಲಿ ಈಯಲಾರದೆ ಒದ್ದಾಡುವ ಎಮ್ಮೆ, ಸಂಕ್ರಾಂತಿಯಲ್ಲಿ ಗಾಳಿಪಟದ ಮಾಂಜಾ ದಾರಕ್ಕೆ ರೆಕ್ಕೆ ಕೊಯ್ದುಕೊಂಡ ಹದ್ದು. ಇಬ್ಬರೂ ಉಣ್ಣುತ್ತಿದ್ದ ತಾಟು ಬಿಟ್ಟು ಎದ್ದು ಓಡುತ್ತಿದ್ದರು.

ಅವ್ವನಿಗೆ ಆ ಗಾಡಿಯನ್ನು ಕಂಡರೆ ಆಗುತ್ತಿರಲಿಲ್ಲ. ವಿಜಾಪುರದ ಬಳಗದಲ್ಲೆಲ್ಲ ಅವಳು "ಇವರು ಕಂಪನಿ ಗಾಡಿ ಓಡಸ್ತಾರ" ಎಂದೇ ಹೇಳಿಕೊಂಡಿದ್ದಳು. ಒಂದು ಮದುವೆಯಲ್ಲಿ ಯಾರೋ ಹೆಂಗಸು ಪಂಕ್ತಿಯಲ್ಲಿ ಕೂತು, "ಸತ್ತ ದನಾ ಎಳಿಯೂ ಕೆಲಸ ಅಂತಲ್ಲವಾ ನಿನ್ನ ಗಂಡಂದು?" ಎಂದು ಕೇಳಿದ್ದಳಂತೆ. ಅವ್ವ ಅರ್ಧ ಊಟಕ್ಕೇ ಕೈ ತೊಳೆದು ಬಂದಿದ್ದಳು. ಅಂದಿನಿಂದ ಅಪ್ಪ ಕೆಲಸ ಮುಗಿಸಿ ಬಂದರೆ ಹೊರಗೆ ಮೋರಿಯ ಹತ್ತಿರ ಇಟ್ಟಿರುತ್ತಿದ್ದ ಬಕೆಟ್ಟಿನ ನೀರು ಸುರಿದುಕೊಂಡೇ ಹೊಸ್ತಿಲು ದಾಟಬೇಕು. ನಾನೂ ನನ್ನ ತಮ್ಮ ಈರಣ್ಣನೂ ಶೆಡ್ಡಿನ ಕಡೆ ಸುಳಿಯಕೂಡದು. ಅಪ್ಪ ಜಗಳ ಆಡುವವನಲ್ಲ. ಒಮ್ಮೆ ಮಾತ್ರ ತಲೆ ಒರೆಸಿಕೊಳ್ಳುತ್ತ ಹೇಳಿದ್ದ:

"ಸತ್ತದ್ದಕ್ಕ ನಮ್ಮ ಗಾಡಿ ಹೋಗೂದಿಲ್ಲ ಪಾರ್ವತಿ. ಸಾಯಬಾರ್ದು ಅಂತ ಹೋಗತೈತಿ."

"ಯಾವುದಕ್ಕರ ಹೋಗಲಿ, ವಾಸನಿ ಒಂದ ಅಲ್ಲೇನ್ರಿ," ಎಂದಿದ್ದಳು ಅವ್ವ. ನಿಜ ಹೇಳಬೇಕೆಂದರೆ ಫಿನಾಯಿಲು, ಅಯೋಡಿನ್ನು, ಟರ್ಪೆಂಟೈನ್ ಎಣ್ಣೆ, ಒದ್ದೆ ಹುಲ್ಲು ಕೂಡಿದ ಆ ವಾಸನೆ ನನಗೆ ಬಹಳ ಸೇರುತ್ತಿತ್ತು. ಈಗಲೂ ಯಾವುದಾದರೂ ಆಸ್ಪತ್ರೆಯ ಮೆಟ್ಟಿಲಲ್ಲಿ ಅಯೋಡಿನ್ ಘಾಟು ಬಂದರೆ ನನಗೆ ಭಯ ಆಗುವುದಿಲ್ಲ, ಅಪ್ಪ ಬಂದ ಅನ್ನಿಸುತ್ತದೆ.

ಚಾಳಿನಲ್ಲಿ ನಮ್ಮ ಕಡೆಯ ಇನ್ನೊಂದು ಮನೆ ಸಂಗಪ್ಪಕಾಕಾನದು. ಅವನು ಘಾಸಲೇಟ್ ಗಾಡಿ ಹೊಡೆಯುತ್ತಿದ್ದ. ಹೊಸಬರಿಗೆ ಹೇಳಬೇಕು: ಆಗ ಸೀಮೆಎಣ್ಣೆ ಒಂದು ಉದ್ದನೆಯ ಟಾಕಿಯಲ್ಲಿ, ಎತ್ತಿನ ಗಾಡಿಯ ಮೇಲೆ, ಓಣಿ ಓಣಿಗೆ ಬರುತ್ತಿತ್ತು. ಗಾಡಿಯೂ ಎತ್ತೂ ಗುತ್ತೇದಾರನವು. ಆದರೆ ಎತ್ತನ್ನು ವಿಜಾಪುರದ ಸಂತೆಯಿಂದ ಆರಿಸಿ ತಂದವನು ಸಂಗಪ್ಪಕಾಕಾ. ಅದಕ್ಕೆ ಸಾರಂಗ ಎಂದು ಹೆಸರಿಟ್ಟವನೂ ಅವನೇ. ಕೊರಳಿಗೆ ಊರಿಂದ ತಂದ ಗೆಜ್ಜೆಸರ ಕಟ್ಟಿದ್ದ. ಆ ಗೆಜ್ಜೆಯ ಸಪ್ಪಳ ಓಣಿಯ ತಿರುವಿನಲ್ಲಿ ಕೇಳಿದರೆ ಹೆಂಗಸರೆಲ್ಲ ಡಬ್ಬಿ ಹಿಡಿದು ಹೊರಗೆ ಬರುತ್ತಿದ್ದರು. ಸಾರಂಗನಿಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ತಿಳಿಯುತ್ತಿರಲಿಲ್ಲ. ಆ ವಿಷಯದಲ್ಲಿ ಅವನೂ ಅವ್ವನೂ ಒಂದೇ ಎಂದು ಅಪ್ಪ ಚೇಷ್ಟೆ ಮಾಡುತ್ತಿದ್ದ.

ಮುಂಗಾರು ಹಿಡಿದ ಹೊಸತರಲ್ಲಿ ನಮ್ಮ ಕಡೆಯವರಿಗೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಹೊಲ ಇಲ್ಲದ ಮುಂಬಯಿಯಲ್ಲೂ ಅವ್ವ ಅದನ್ನು ಬಿಟ್ಟಿರಲಿಲ್ಲ. ತಬೇಲಾದ ಹೊಂಡದ ದಂಡೆಯಿಂದ ನಾನೂ ಈರಣ್ಣನೂ ಜಿಗುಟು ಮಣ್ಣು ತರುತ್ತಿದ್ದೆವು. ಅವ್ವ ಅದನ್ನು ರೊಟ್ಟಿಯ ಹಿಟ್ಟಿನ ಹಾಗೆ ನಾದಿ ಎರಡು ಎತ್ತು, ಅವು ಮೇಯಲು ಒಂದು ಗ್ವಾದಲಿ ಮಾಡುತ್ತಿದ್ದಳು. ಕಣ್ಣಿಗೆ ಜೋಳದ ಕಾಳು. ಗ್ವಾದಲಿಗೆ ಒಂದು ಹಿಡಿ ಹಸಿ ಹುಲ್ಲು. ಹೋಳಿಗೆಯ ಹೂರಣ ಕುದಿಯುವ ಏಲಕ್ಕಿಯ ವಾಸನೆಗೆ ಪಕ್ಕದ ಗುಜರಾತಿ ಮಣಿಬೆನ್ ಬಾಗಿಲಲ್ಲಿ ಬಂದು ನಿಂತು, "ಪಾರ್ವತಿಬೆನ್, ಆಜ್ ಕ್ಯಾ ಹೈ?" ಎಂದು ಕೇಳುತ್ತಿದ್ದಳು. ಅವ್ವ ಅದಕ್ಕೆ ಉತ್ತರವಾಗಿ ಒಂದು ಹೋಳಿಗೆ ಕೊಡುತ್ತಿದ್ದಳು. ಹಿಂದಿಯಲ್ಲಿ ವಿವರಿಸುವುದಕ್ಕಿಂತ ಅದು ಸುಲಭವಾಗಿತ್ತು.

ನಮ್ಮ ಮಕ್ಕಳ ಹಬ್ಬ ಮಾತ್ರ ಮರುದಿನ. ಪೂಜೆಯಾದ ಎತ್ತಿನಲ್ಲಿ ಒಂದರ ಕಾಲು ಮುರಿದು, ಅದನ್ನು ಮಣೆಯ ಮೇಲಿಟ್ಟುಕೊಂಡು ಮನೆ ಮನೆಗೆ ಹೋಗುವುದು, ಕುಂಟೆತ್ತು ಬಂದಿದೆ ಎಂದು ಕೂಗಿ ಕಾಳು ಬೇಡುವುದು. ಊರಲ್ಲಾದರೆ ಅದೊಂದು ದೊಡ್ಡ ಗದ್ದಲ. ಚಾಳಿನಲ್ಲಿ ನಾವು ಇಬ್ಬರೇ. ಉತ್ತರದ ಕಡೆಯ ಭಯ್ಯಾಗಳಿಗೂ ಮರಾಠಿಯವರಿಗೂ ಗುಜರಾತಿಗಳಿಗೂ ಏನು ಕೇಳುತ್ತಿದ್ದೇವೆಂದೇ ತಿಳಿಯುತ್ತಿರಲಿಲ್ಲ. ಮಣಿಬೆನ್ ಒಂದು ವರ್ಷ ನಮ್ಮ ಎತ್ತಿನ ಕಾಲಿಗೆ ಗೋಂದು ಹಚ್ಚಿ ಅಂಟಿಸಿಯೇ ಕೊಟ್ಟುಬಿಟ್ಟಿದ್ದಳು. ಈರಣ್ಣ ಮನೆಗೆ ಬಂದು ಅತ್ತಿದ್ದ. ಕುಂಟದ ಕುಂಟೆತ್ತಿಗೆ ಯಾರು ಕಾಳು ಹಾಕುತ್ತಾರೆ?

ಆ ವರ್ಷ ಅಮಾವಾಸ್ಯೆಯ ರಾತ್ರಿಯೆಲ್ಲ ಮಳೆ ಸುರಿದಿತ್ತು. ಬೆಳಿಗ್ಗೆ ಓಣಿ ತುಂಬ ಕೆಂಪು ನೀರು. ಗೋಣಿಚೀಲವನ್ನು ತಲೆಗೆ ಕೊಪ್ಪೆ ಮಾಡಿಕೊಂಡು ನಾವು ಮೊದಲು ಸಂಗಪ್ಪಕಾಕಾನ ಮನೆಗೇ ಹೋದೆವು. ಅವನ ಹೆಂಡತಿ ಶಾಂತಕ್ಕ ಮೊರದಲ್ಲಿ ಜೋಳ ತಂದು ಈರಣ್ಣನ ಚೀಲಕ್ಕೆ ಸುರಿಯುತ್ತಿದ್ದಳು. ಅಷ್ಟರಲ್ಲಿ ಯಾರೋ ಓಡುತ್ತ ಬಂದು, ಸ್ಟೇಷನ್ ರಸ್ತೆಯಲ್ಲಿ ಘಾಸಲೇಟ್ ಗಾಡಿಯ ಎತ್ತು ಬಿತ್ತು, ಕಾಲು ಹೋಯಿತು ಎಂದು ಕೂಗಿದರು. ಶಾಂತಕ್ಕನ ಕೈಯ ಮೊರ ಹಾಗೇ ನಿಂತಿತು. ಅವಳು ಮಣೆಯ ಮೇಲಿದ್ದ ಮಣ್ಣಿನ ಎತ್ತನ್ನೊಮ್ಮೆ, ನಮ್ಮ ಮುಖವನ್ನೊಮ್ಮೆ ನೋಡಿದಳು. "ಅಯ್ಯ ಶಿವನೇ, ಖರೇನ ಬಂತಲ್ಲೋ," ಎಂದು ಬಾಗಿಲು ತೆರೆದಿಟ್ಟೇ ಓಡಿದಳು. ನಾವೂ ಅವಳ ಹಿಂದೆ ಓಡಿದೆವು. ಮಣೆಯನ್ನು ಎಲ್ಲಿ ಇಡಬೇಕೆಂದು ತೋಚದೆ ಈರಣ್ಣ ಅದನ್ನು ಎದೆಗವುಚಿಕೊಂಡೇ ಬಂದ.

ಗಟಾರದ ಮೇಲೆ ಹಾಸಿದ ಕಲ್ಲುಗಳಲ್ಲಿ ಒಂದು ಸರಿದಿತ್ತು. ನೀರು ನಿಂತದ್ದರಿಂದ ಸಂದು ಕಂಡಿರಲಿಲ್ಲ. ಸಾರಂಗನ ಮುಂಗಾಲು ಅದರೊಳಗೆ ಇಳಿದು, ಹಿಂದಿನಿಂದ ತುಂಬಿದ ಟಾಕಿ ನೂಕಿ, ಮೊಣಕಾಲ ಕೆಳಗೆ ಎಲುಬು ಮುರಿದಿತ್ತು. ಅವನು ಒಂದು ಪಕ್ಕಕ್ಕೆ ಬಿದ್ದಿದ್ದ. ಕಣ್ಣಿನ ಬಿಳಿ ಭಾಗವೆಲ್ಲ ಹೊರಗೆ ಬಂದಿತ್ತು. ಯಾರೋ ಎಬ್ಬಿಸಲೆಂದು ಬಾಲ ತಿರುಚುತ್ತಿದ್ದರು. ಸಂಗಪ್ಪಕಾಕಾ ಕೆಸರಲ್ಲಿ ಕೂತು ಸಾರಂಗನ ಮೂತಿ ಹಿಡಿದುಕೊಂಡಿದ್ದ.

ಬೂದಿ ಗಾಡಿ ಬಂತು. ಅಪ್ಪ ಕೆಲಸ ಮಾಡುವುದನ್ನು ನಾನು ಅದುವರೆಗೆ ನೋಡಿಯೇ ಇರಲಿಲ್ಲ.

"ಏ, ಶೇಪಟಿ ಸೋಡ್ ಆಧೀ!" ಎಂದು ಪಾಂಡುಕಾಕಾ ಗಾಡಿಯಿಂದ ಜಿಗಿಯುತ್ತಲೇ ಗದರಿಸಿದ. ಬಾಲ ಹಿಡಿದವನು ಬಿಟ್ಟ. ಅಪ್ಪ ಗದರಲಿಲ್ಲ. ಸುತ್ತ ನಿಂತವರ ಬಾಯಿಯ ಬೀಡಿಗಳನ್ನು ಒಂದೊಂದಾಗಿ ತೆಗೆದು ನೀರಿಗೆ ಹಾಕಿದ, ಟಾಕಿಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಗಾಲಿಗೆ ಕಲ್ಲು ಕೊಟ್ಟ. ಆಮೇಲೆ ಒಂದು ಖಾಲಿ ಗೋಣಿಚೀಲವನ್ನು ಸಾರಂಗನ ಕಣ್ಣ ಮೇಲೆ ಹೊದಿಸಿ, ಕಿವಿಯ ಹತ್ತಿರ ಬಾಗಿ, ನಮ್ಮ ಊರಿನ ಮಾತಿನಲ್ಲಿ ಶುರು ಮಾಡಿದ: "ಹೋ... ಹೋ ನನ್ನಪ್ಪಾ. ಎಲ್ಲಿಗೂ ಹೋಗೂದಿಲ್ಲ ನಾ. ಇಲ್ಲೇ ಅದೀನಿ. ಸುಮ್ನಿರು ನನ್ನ ರಾಜಾ." ನಮಗೆ ಜ್ವರ ಬಂದಾಗ ಆಡುತ್ತಿದ್ದ ಮಾತುಗಳೇ ಅವು. ಸಾರಂಗನ ಹೊಟ್ಟೆಯ ಏರಿಳಿತ ಮೆಲ್ಲಗೆ ನಿಧಾನವಾಯಿತು. ಪಾಂಡುಕಾಕಾ ನೊಗದ ಪಟ್ಟಿ ಕೊಯ್ದ, ಸೂಜಿ ಚುಚ್ಚಿದ, ಹಾರೆ ಹಾಕಿ ಕಲ್ಲನ್ನು ಎತ್ತಿಸಿದ. ಕಾಲನ್ನು ಹೊರಗೆ ತೆಗೆದಾಗ ನಾನು ಕಣ್ಣು ಮುಚ್ಚಿಕೊಂಡೆ.

ಕಣ್ಣು ತೆರೆದರೆ ಅವ್ವ. ನಮ್ಮಿಬ್ಬರನ್ನು ಕಿವಿ ಹಿಡಿದು ಎಳೆದೊಯ್ಯಲು ಛತ್ರಿ ಹಿಡಿದು ಬಂದವಳು, ಛತ್ರಿ ಮಡಚುವುದನ್ನೂ ಮರೆತು ಅಪ್ಪನನ್ನೇ ನೋಡುತ್ತ ನಿಂತಿದ್ದಳು. ಬಿದಿರಿನ ಪಟ್ಟಿಗಳನ್ನು ಕಾಲಿಗೆ ಕಟ್ಟಿದ್ದಾಗಿತ್ತು. ಇನ್ನು ಎತ್ತನ್ನು ಹಲಗೆಯ ಮೇಲಿಂದ ಗಾಡಿಯೊಳಕ್ಕೆ ಎಳೆದುಕೊಳ್ಳಬೇಕು. ತೆಂಗಿನ ನಾರಿನ ಚಾಪೆ ನೆನೆದು ಒರಟಾಗಿತ್ತು, ಮೈ ತರಚುತ್ತದೆ ಎಂದು ಪಾಂಡುಕಾಕಾ ಮೆತ್ತಗಿರುವ ಏನಾದರೂ ಹುಡುಕುತ್ತಿದ್ದ. ಅವ್ವ ಮನೆಯ ಕಡೆ ನಡೆದಳು. ಬಂದಾಗ ಅವಳ ಹೆಗಲ ಮೇಲೆ ಕೌದಿ ಇತ್ತು. ಹಳೆಯ ಸೀರೆಗಳನ್ನೆಲ್ಲ ಕೂಡಿಸಿ, ಬೇಸಿಗೆ ಬೇಸಿಗೆ ಕೂತು ಹೊಲಿದದ್ದು. ನಮ್ಮನ್ನೂ ಅದರ ಮೇಲೆ ಕಾಲಿಡಲು ಬಿಡುತ್ತಿರಲಿಲ್ಲ. ಅದನ್ನು ಕೆಸರಿನಲ್ಲಿ ಹಾಸಿದಳು.

ಆಗ ಗುತ್ತೇದಾರ ಬಂದ. ಎತ್ತಿನ ಕಡೆ ಒಮ್ಮೆ ನೋಡಿ, ಇದು ಇನ್ನು ಗಾಡಿಗೆ ಬರುವುದಿಲ್ಲ, ದಲಾಲನಿಗೆ ಹೇಳಿ ಕಳಿಸಿದ್ದೇನೆ, ಒಯ್ಯುತ್ತಾನೆ ಎಂದ. ದಲಾಲ ಒಯ್ದರೆ ಎಲ್ಲಿಗೆ ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಪಾಂಡುಕಾಕಾ ಅಪ್ಪನ ಮುಖ ನೋಡಿದ. ಅವರ ಕೈ ಕಟ್ಟಿತ್ತು. ಮಾಲೀಕ ಬೇಡವೆಂದರೆ ಅವರು ಮುಟ್ಟುವಂತಿಲ್ಲ. ಪೇಟೆಯ ಆಸ್ಪತ್ರೆಯಲ್ಲಿ ಮಳೆಗಾಲದ ಜಾನುವಾರು ತುಂಬಿ ಹೋಗಿದ್ದವು. ಡಾಕ್ಟರು ಬಂದು ನೋಡುವವರೆಗೆ ಶೆಡ್ಡಿನಲ್ಲೇ ಇಡಬೇಕು, ಅಲ್ಲಿ ಅದರ ಹುಲ್ಲು, ನೀರು, ಆರೈಕೆ ತನ್ನದೆಂದು ಯಾರಾದರೂ ಒಪ್ಪಿಕೊಳ್ಳಬೇಕು. ಸಂಗಪ್ಪಕಾಕಾ ತಲೆ ತಗ್ಗಿಸಿದ. ಗುತ್ತೇದಾರನ ಎದುರು ಬಾಯಿ ತೆರೆದರೆ ನಾಳೆ ಅವನಿಗೆ ಗಾಡಿಯೇ ಇಲ್ಲ.

"ಬೋಲಾ," ಎಂದ ಪಾಂಡುಕಾಕಾ ಗುಂಪಿನ ಕಡೆ ತಿರುಗಿ, "ಯೇ ಜನಾವರ್ ಕಿಸ್ಕಾ ಹೈ?"

ಗುಂಪು ಒಂದು ಹೆಜ್ಜೆ ಹಿಂದೆ ಸರಿಯಿತು.

"ಹಮಾರಾ ಹೈ," ಎಂದಳು ಅವ್ವ.

ಯಾರದೆಂದು ಕೇಳಿದರೆ ನಮ್ಮದು ಎಂದುಬಿಟ್ಟಿದ್ದಳು! ನಾನು ಬೆಚ್ಚಿದೆ. ಅವ್ವ ಬೀದಿಯಲ್ಲಿ ಹಿಂದಿ ಆಡಿದ್ದು ಅದೇ ಮೊದಲು. ಅಪ್ಪನೂ ತಲೆ ಎತ್ತಿ ನೋಡಿದ. ಅವಳು ಗುತ್ತೇದಾರನ ಎದುರು ಬಂದು ಮತ್ತೊಮ್ಮೆ, ಇನ್ನಷ್ಟು ಗಟ್ಟಿಯಾಗಿ, "ಯೇ ಎತ್ತು ಹಮಾರಾ ಹೈ. ದಲಾಲ್ ನಹೀ," ಎಂದಳು. ಹಿಂದೆ ಶಾಂತಕ್ಕ ಬಂದು ನಿಂತಳು. ಮಣಿಬೆನ್ ಬಂದಳು, "ಹಾಂ, ಹಮಾರಾ ಹೈ." ಡಬ್ಬಿ ಹಿಡಿದು ಎಣ್ಣೆಗೆ ಕಾದಿದ್ದ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಅವರೆಲ್ಲ ಆ ಗುತ್ತೇದಾರನ ಗಿರಾಕಿಗಳು. ಅವನು ಎಲ್ಲರ ಮುಖ ನೋಡಿದ, ಏನೋ ಗೊಣಗಿದ, "ಲೇ ಜಾವ್, ಮೇರಾ ಪೀಛಾ ಛೋಡೋ," ಎಂದು ಛತ್ರಿ ಬಿಚ್ಚಿ ನಡೆದ.

ಗಾಡಿ ಶೆಡ್ಡಿನ ಹೊರಗೆ ಮಳೆಯಲ್ಲಿ ನಿಂತಿತು, ಸಾರಂಗ ಒಳಗೆ ಮಲಗಿದ. ಮರುದಿನ ಬಂದ ಡಾಕ್ಟರು ಒಬ್ಬ ಮುದಿ ಪಾರ್ಸಿ. ಕಾಲಿಗೆ ಪ್ಲಾಸ್ಟರ್ ಹಾಕಿದರು. ಆದರೆ ಮಲಗಿದ ಎತ್ತು ಬದುಕುವುದಿಲ್ಲ, ಕೆಳಗಿನ ಮೈ ಕೊಳೆಯುತ್ತದೆ, ಉಸಿರು ಕಟ್ಟುತ್ತದೆ ಎಂದರು. ಒಂದು ವಾರ ಬಿಟ್ಟು ಬರುತ್ತೇನೆ, ಅಷ್ಟರಲ್ಲಿ ಅದು ತಾನಾಗಿ ಎದ್ದು ನಿಂತಿರದಿದ್ದರೆ ಸುಮ್ಮನೆ ನರಳಿಸುವುದು ಬೇಡ, ಸೂಜಿ ಕೊಟ್ಟು ಕೊನೆಯ ನಿದ್ದೆಗೆ ಕಳಿಸುತ್ತೇನೆ ಎಂದರು. ಹೇಳುವಾಗ ಅವರು ಯಾರ ಮುಖವನ್ನೂ ನೋಡಲಿಲ್ಲ.

ಆ ವಾರ ನಾವು ಕುಂಟೆತ್ತಿನ ಮಣೆ ಹಿಡಿದು ದಿನವೂ ಹೊರಟೆವು. ಯಾರೂ ಏನು, ಯಾಕೆ ಎಂದು ಕೇಳಲಿಲ್ಲ. ನಮ್ಮ ಹಬ್ಬ ಚಾಳಿಗೆ ಮೊದಲ ಸಲ ಅರ್ಥವಾಗಿತ್ತು. ಭಯ್ಯಾ ಕಡಲೆ ಹೊಟ್ಟು ಕೊಟ್ಟ, ಮರಾಠಿಯವರು ಬಾಜ್ರಾ, ಮಣಿಬೆನ್ ಬೆಲ್ಲದ ಅಚ್ಚು. ತಬೇಲಾದವರು ತಾವೇ ಹುಲ್ಲಿನ ಪೆಂಡಿ ತಂದು ಹಾಕಿದರು. ಹೊತ್ತು ಹೊತ್ತಿಗೆ ಚಾಳಿನ ಗಂಡಸರು ಸೇರಿ, ಹೊಟ್ಟೆಯ ಕೆಳಗೆ ಕ್ಯಾನ್ವಾಸ್ ಪಟ್ಟೆ ತೂರಿಸಿ, ಸಾರಂಗನ ಮಗ್ಗುಲು ಬದಲಿಸುತ್ತಿದ್ದರು. ಪಾಂಡುಕಾಕಾ ಮೈಗೆ ಎಣ್ಣೆ ತಿಕ್ಕಿಸುತ್ತಿದ್ದ, ಎಬ್ಬಿಸಲು ನೋಡುತ್ತಿದ್ದ. ಸಾರಂಗ ಒಂದಿಷ್ಟು ತಲೆ ಎತ್ತಿ ಮತ್ತೆ ಚೆಲ್ಲಿಬಿಡುತ್ತಿದ್ದ. ಅವ್ವ ಹಿಟ್ಟಿನ ಉಂಡೆ ಮಾಡಿ ಬಾಯಿಗೆ ಇಡುತ್ತಿದ್ದಳು. ಶೆಡ್ಡಿನ ಕಡೆ ಸುಳಿಯಬೇಡಿರೆಂದವಳು ಅಲ್ಲಿಯೇ ಕೂತು ಅಕ್ಕಿ ಆರಿಸುತ್ತಿದ್ದಳು. ಮೋರಿಯ ಹತ್ತಿರದ ಬಕೆಟ್ಟನ್ನು ಯಾವಾಗ ಒಳಗೆ ತಂದಿಟ್ಟಳೋ ನನಗೆ ಗೊತ್ತಿಲ್ಲ.

ಸಂಗಪ್ಪಕಾಕಾನಿಗೆ ಗುತ್ತೇದಾರ ಹೊಸ ಎತ್ತು ಕೊಟ್ಟಿದ್ದ. ಅವನು ಬೇರೆ ಓಣಿಗಳಲ್ಲಿ ಎಣ್ಣೆಯ ಫೇರಿಗೆ ಹೋಗುತ್ತಿದ್ದ. ಸಂಜೆ ಬಂದರೂ ಶೆಡ್ಡಿನ ಒಳಗೆ ಕಾಲಿಡದೆ ಬಾಗಿಲಲ್ಲೇ ನಿಂತು ಹೋಗುತ್ತಿದ್ದ. "ನನ್ನ ಮಾರಿ ಹೆಂಗ ತೋರಿಸ್ಲಿ ಅದಕ್ಕ?" ಎಂದು ಅಪ್ಪನ ಮುಂದೆ ಅಂದನಂತೆ.

ಡಾಕ್ಟರು ಬರುವ ಹಿಂದಿನ ದಿನ. ಮಧ್ಯಾಹ್ನ ಮಳೆ ಬಿಟ್ಟು ಎಳೆಬಿಸಿಲು ಬಿದ್ದಿತ್ತು. ಗಂಡಸರು ಕೊನೆಯ ಸಲವೆಂಬಂತೆ ಪಟ್ಟೆ ಹಿಡಿದು ಎತ್ತಿ ಎತ್ತಿ ಸೋತು ಕೂತಿದ್ದರು. ಈರಣ್ಣ ಮೂಲೆಯಲ್ಲಿ ಮುಸುಮುಸು ಅಳುತ್ತಿದ್ದ. ಅವ್ವ ಸಾರಂಗನ ಹಣೆ ಸವರುತ್ತ ಕೂತಿದ್ದಳು, ಅವಳ ಕಣ್ಣಲ್ಲಿ ನೀರಿತ್ತು. ಆಗ ಓಣಿಯ ತಿರುವಿನಿಂದ ಗೆಜ್ಜೆಯ ಸಪ್ಪಳ ಬಂತು. ಅಂದು ನಮ್ಮ ಓಣಿಯ ಫೇರಿ. ಹೊಸ ಎತ್ತಿನ ಕೊರಳಿಗೆ ಸಂಗಪ್ಪಕಾಕಾ ಸಾರಂಗನ ಸರವನ್ನೇ ಕಟ್ಟಿದ್ದ. ಆ ಸಪ್ಪಳವಿಲ್ಲದೆ ಹೆಂಗಸರು ಹೊರಗೆ ಬರುತ್ತಿರಲಿಲ್ಲ, ಪಾಪ, ಅವನಾದರೂ ಏನು ಮಾಡಬೇಕು.

ಸಾರಂಗನ ಕಿವಿ ನೆಟ್ಟಗಾಯಿತು. ಅವ್ವನ ಕೈಯನ್ನು ಹಣೆಯಿಂದ ಕೊಡವಿ ತಲೆ ಎತ್ತಿದ. ಗೆಜ್ಜೆ ಹತ್ತಿರ ಬಂತು. ತನ್ನ ಗೆಜ್ಜೆ ನಡೆಯುತ್ತಿದೆ, ತಾನು ಮಲಗಿದ್ದೇನೆ ಎಂದು ಗಾಬರಿಯಾಯಿತೋ ಏನೋ. ಹಿಂಗಾಲು ಒದ್ದು, ಬೆನ್ನು ಎತ್ತಿದ.

"ಪಟ್ಟಾ, ಪಟ್ಟಾ ಧರಾ!" ಎಂದು ಪಾಂಡುಕಾಕಾ ಕೂಗಿದ. ಎಲ್ಲರೂ ನುಗ್ಗಿದರು. ಅಪ್ಪ ಹೆಗಲು ಕೊಟ್ಟ. "ಏಳೋ ನನ್ನಪ್ಪಾ, ಏಳೋ ರಾಜಾ, ಹಾಂ ಹಾಂ..." ಸಾರಂಗ ಒಮ್ಮೆ ಜೋಲಿ ಹೊಡೆದ, ಪ್ಲಾಸ್ಟರಿನ ಕಾಲನ್ನು ಮುಂದೆ ಚಾಚಿ, ಉಳಿದ ಮೂರರ ಮೇಲೆ ನಿಂತ. ಪಟ್ಟೆ ಸಡಿಲಾಯಿತು. ಆದರೂ ನಿಂತೇ ಇದ್ದ. ಬಾಗಿಲಲ್ಲಿ ಸಂಗಪ್ಪಕಾಕಾ ಚಾವಟಿ ಹಿಡಿದು ನಿಂತವನು ಒಳಗೆ ಬಂದ, ಸಾರಂಗನ ಕೊರಳಿಗೆ ಬಿದ್ದು ಸಣ್ಣ ಹುಡುಗನ ಹಾಗೆ ಅತ್ತ. ನಾವೆಲ್ಲ ಅತ್ತೆವು. ಹೊರಗೆ ಹೊಸ ಎತ್ತು ಯಾರೂ ಕೇಳುವವರಿಲ್ಲದೆ ಮಣಿಬೆನ್ನಳ ತುಳಸಿ ಗಿಡ ಮೇಯುತ್ತಿತ್ತು.

ಸಾರಂಗ ಮತ್ತೆ ಗಾಡಿ ಎಳೆಯಲಿಲ್ಲ. ಕಾಲು ಡೊಂಕಾಗಿಯೇ ಕೂಡಿತು. ಶೆಡ್ಡಿನ ಪಕ್ಕದಲ್ಲಿ ಚಾಳಿನವರು ಚಪ್ಪರ ಹಾಕಿಕೊಟ್ಟರು. ಮುಂದಿನ ಅಮಾವಾಸ್ಯೆಯ ಮರುದಿನ ನಾವು ಮಣ್ಣಿನ ಎತ್ತಿನ ಕಾಲು ಮುರಿಯಲಿಲ್ಲ. ಸಾರಂಗನ ಕೋಡಿಗೆ ಬಣ್ಣ ಹಚ್ಚಿ ಅವನನ್ನೇ ಮನೆ ಮನೆಗೆ ಕರೆದೊಯ್ದೆವು. ನಮ್ಮ ಹಿಂದೆ ಚಾಳಿನ ಮಕ್ಕಳೆಲ್ಲ ಇದ್ದರು. ಮರಾಠಿ ಹುಡುಗರೂ ಗುಜರಾತಿ ಹುಡುಗರೂ "ಕುಂಟೆತ್ತು ಬಂದೈತ್ರೀ" ಎಂದು ಗಂಟಲು ಹರಿಯುವಂತೆ ಕೂಗಿದರು. ಆ ದೀಪಾವಳಿಗೆ ಊರಿಂದ ಬಂದ ಬಳಗದವರನ್ನು ಅವ್ವ ತಾನೇ ಶೆಡ್ಡಿಗೆ ಕರೆದೊಯ್ದು ತೋರಿಸಿದಳು. "ಇದು ನಮ್ಮವರ ಗಾಡಿ. ಜೀವಾ ಉಳಸೂ ಗಾಡಿ." ಅಪ್ಪ ಗಾಡಿಯ ಆಚೆ ಬದಿಗೆ ಹೋಗಿ ಸುಮ್ಮನೆ ಗಾಜು ಒರೆಸುತ್ತ ನಿಂತ.

ಸಾರಂಗ ಅದಾದ ಮೇಲೆ ಹಲವು ಮಳೆಗಾಲ ಕಂಡ. ಅಪ್ಪ, ಅವ್ವ, ಪಾಂಡುಕಾಕಾ, ಎಲ್ಲರೂ ಹೋದರು. ತಬೇಲಾಗಳು ಹೋದವು. ಚಾಳು ಇದ್ದಲ್ಲಿ ಈಗ ಕತ್ತು ಹಿಂದಕ್ಕೆ ಹಾಕಿ ನೋಡಬೇಕಾದಷ್ಟು ಎತ್ತರದ ಬಿಲ್ಡಿಂಗ್ ಇದೆ. ನಾನು ಬೊರಿವಲಿಯ ಫ್ಲ್ಯಾಟಿನಲ್ಲಿದ್ದೇನೆ. ಮಣ್ಣೆತ್ತನ್ನು ಈಗಲೂ ಮಾಡುತ್ತೇನೆ, ಅಂಗಡಿಯ ಮಣ್ಣಿನಿಂದ. ಒಂದರ ಕಾಲಿಗೆ ಬಿಳಿ ಅರಿವೆಯ ಚೂರು ಸುತ್ತುತ್ತೇನೆ. ಮೊಮ್ಮಗಳು ಅರ್ಧ ಹಿಂದಿಯಲ್ಲಿ ಯಾಕೆ ಎಂದು ಕೇಳುತ್ತಾಳೆ, ಉತ್ತರ ಮುಗಿಯುವುದರೊಳಗೆ ಓಡಿಹೋಗುತ್ತಾಳೆ.

ಕಳೆದ ಮಳೆಗಾಲದಲ್ಲಿ ನಮ್ಮ ಗೇಟಿನ ಎದುರು ಒಂದು ಕಾರು ಬೀದಿನಾಯಿಯ ಮೇಲೆ ಹಾದುಹೋಯಿತು. ಪ್ರಾಣಿಗಳ ಆಂಬ್ಯುಲೆನ್ಸಿಗೆ ಫೋನು ಮಾಡಿದೆ. ಇಬ್ಬರು ಬಂದರು, ಒಬ್ಬ ಹುಡುಗ, ಒಬ್ಬ ಹುಡುಗಿ. ಕೈಗೆ ಗ್ಲೌಸು, ಹೊಳೆಯುವ ಸ್ಟ್ರೆಚರ್. ಒಳ್ಳೆಯ ಮಕ್ಕಳು, ಕೈ ಚುರುಕಾಗಿತ್ತು. ಹುಡುಗಿ ನಾಯಿಯ ಕಣ್ಣ ಮೇಲೆ ಬಟ್ಟೆ ಹೊದಿಸಿ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಅಪ್ಪನ ಕೆಲಸಕ್ಕೇನೂ ಕೊರತೆಯಾಗಿಲ್ಲ, ಅಪ್ಪನಿಗಿಂತ ಚೆನ್ನಾಗಿಯೇ ನಡೆದಿದೆ ಅನ್ನಿಸಿತು.

ಎತ್ತಿಕೊಂಡು ಹೊರಡುವ ಮುನ್ನ ಆ ಹುಡುಗ ತಲೆ ಎತ್ತಿ ಕೇಳಿದ, "ಆಂಟಿ, ಯೇ ಕಿಸ್ಕಾ ಹೈ?"

ಅವ್ವನ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಅಭ್ಯಾಸದಂತೆ ಹಿಂದಕ್ಕೆ ತಿರುಗಿ ನೋಡಿದೆ. ಗೇಟಿನಲ್ಲಿ ವಾಚ್‌ಮನ್ ಇದ್ದ. ಲಿಫ್ಟಿನ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಮೇಲೆ ಸಾಲು ಸಾಲು ಬಾಲ್ಕನಿಗಳಲ್ಲಿ ಯಾರೂ ಇರಲಿಲ್ಲ. ಇಲ್ಲಿಯದು ಎಂದು ಒಬ್ಬಳೇ ಹೇಳಬಹುದು, ಹಮಾರಾ ಎನ್ನಬೇಕೆಂದರೆ ಬೆನ್ನ ಹಿಂದೆ ಬಂದು ನಿಲ್ಲಲು ಒಬ್ಬ ಶಾಂತಕ್ಕ, ಒಬ್ಬ ಮಣಿಬೆನ್ ಆದರೂ ಬೇಕಲ್ಲ.

"ಯಹೀಂ ಕಾ ಹೈ ಬೇಟಾ," ಎಂದೆ.